ಸಂಕಲನದಲ್ಲಿ ಇಲ್ಲದ ಹಾಡು

"ಹಳೇ ಜೊತೆಗಾರಂಗೆ ಹೆಸ್ರ್ ಬಪ್ಪುದ್ ಬೇಡ ಅಂದೇ ಆ ಹಾಡ್ ಬಿಟ್ಟದ್," ಎಂದೆ ಗೆಳೆಯನಿಗೆ. ಕುಂದಾಪುರದಿಂದ ಕೋಟಕ್ಕೆ ಹೋಗುವ ಬಸ್ಸು. ನಾವು ಕಾಲೇಜಿನಿಂದಲೂ ಮೆಚ್ಚಿದ್ದ ಹಿರಿಯ ರ‍್ಯಾಪರ್ ತನ್ನ ಆಯ್ದ ಹಾಡುಗಳ ಸಂಕಲನ ತಂದಿದ್ದ. ಜೊತೆಗಾರನೊಂದಿಗೆ ಹಾಡಿದ್ದ ಮೊದಲ ಹಾಡೇ ಅದರಲ್ಲಿರಲಿಲ್ಲ. ಆನ್‌ಲೈನಿನಲ್ಲೂ ನಾನು ಇದನ್ನೇ ಬರೆದು ಒಂದೇ ಸ್ಟಾರ್ ಕೊಟ್ಟಿದ್ದೆ.

ಮುಂದಿನ ಸೀಟಿನಲ್ಲಿದ್ದ ಹಿರಿಯ ಹೆಂಗಸು ತಿರುಗಿದರು. "ಬಿಡುಕ್ ಹೇಳ್ದದ್ ನಾನೇ. ಆ ಜೊತೆಗಾರ ನನ್ ಮಗ. ಅವ ತೀರ್ಕಂಡ್ಮೇಲೆ ಆ ಸ್ವರ ಅಂಗ್ಡಿ ಮುಂದೆಲ್ಲ ಕೇಂಬುಕ್ ನಂಗ್ ಆತಿಲ್ಲೆ."

ಮತ್ತೆ ಅವರೇ ಕೇಳಿದರು: "ನಿಮ್ಗ್ ಅದ್ ಬಾಯ್ಪಾಠ ಬತ್ತಾ?"

"ಪೂರಾ ಬತ್ತ್, ಅಮ್ಮಾ," ಎಂದೆ. ಅವರು ಸಣ್ಣಗೆ ನಕ್ಕು ಮುಂದೆ ತಿರುಗಿದರು.

ಬರೆದದ್ದನ್ನು ಅಂದೇ ಅಳಿಸಿದೆ. ಆ ಹಾಡನ್ನು ಈಗಲೂ ಕೇಳುತ್ತೇನೆ, ಇಯರ್‌ಫೋನ್ ಹಾಕಿಕೊಂಡು.