ಅವ್ವನ ಗೆರೆ ತಿದ್ದಿದ ಸಂಜೆಗಳು

ನಮ್ಮ ಬ್ಯಾಡಗಿಯಲ್ಲಿ ಆಗೆಲ್ಲ ಸಂಕ್ರಾಂತಿ ಹತ್ತಿರ ಬಂತೆಂದರೆ ಸೀನದೆ ಒಂದು ಮಾತು ಆಡಿ ಮುಗಿಸುವವರು ಸಿಗುತ್ತಿರಲಿಲ್ಲ. ಪೇಟೆಗೆ ಹೊಸ ಮೆಣಸಿನಕಾಯಿ ಬರುವ ಕಾಲ ಅದು. ಬಯಲಿನಲ್ಲಿ ಒಣಹಾಕಿದ್ದು, ಚೀಲಕ್ಕೆ ತುಂಬಿದ್ದು, ಟ್ರ್ಯಾಕ್ಟರಿನಿಂದ ಉದುರಿ ರಸ್ತೆಯ ಮೇಲೆ ಪುಡಿಯಾದದ್ದು, ಎಲ್ಲದರ ಘಾಟು ಸೇರಿ ಊರಿಗೆ ಊರೇ ಮೂಗು ಒರೆಸಿಕೊಳ್ಳುತ್ತಿತ್ತು. ಶಾಲೆಯ ಪ್ರಾರ್ಥನೆಯಲ್ಲಿ ಒಬ್ಬಳು ಸೀನಿದರೆ ಇಡೀ ಸಾಲೇ ಸೀನುತ್ತಿತ್ತು. ಆ ಘಾಟು ಈಗ ಎಲ್ಲಿ ಮೂಗಿಗೆ ಬಡಿದರೂ ನನಗೆ ನೆನಪಾಗುವುದು ಅಡುಗೆಯಲ್ಲ, ಡೊಂಕು ಗೆರೆಗಳು. ನನ್ನ ಅವ್ವ ಬರೆದ ಡೊಂಕು ಗೆರೆಗಳು.

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ನಾನು ಎಂಟನೆಯ ತರಗತಿಯಲ್ಲಿದ್ದೆ. ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದೆ. ನಾನು ಬರೆದ ಹೂಜಿಯ ಚಿತ್ರವನ್ನು ಡ್ರಾಯಿಂಗ್ ಸರ್ ನೋಟಿಸ್ ಬೋರ್ಡಿಗೆ ಹಚ್ಚಿದ್ದರು. ಅಂದಿನಿಂದ ನನ್ನ ನಡಿಗೆಯೇ ಬದಲಾಗಿತ್ತು.

ಅವ್ವ ಅದುವರೆಗೆ ಸುಗ್ಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದವಳು. ಸಂಜೆ ಬಂದು ಎಷ್ಟು ಕೈ ತೊಳೆದರೂ ಅವಳ ಬೆರಳು ಉರಿಯುತ್ತಲೇ ಇರುತ್ತಿದ್ದವು. ಆದರೆ ಮದುವೆಗೆ ಮುಂಚೆ ಹತ್ತನೆಯ ತರಗತಿ ಪಾಸಾಗಿದ್ದಳು. ಟ್ರಂಕಿನ ತಳದಲ್ಲಿದ್ದ ಆ ಮಾರ್ಕ್ಸ್ ಕಾರ್ಡಿನ ಬಲದಿಂದ ಆ ವರ್ಷ ಅವಳಿಗೆ ನಮ್ಮ ಓಣಿಯಾಚೆಯ ಅಂಗನವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಅದೇ ಕೆಲಸದ ಮೇಲೆ ಓಣಿಯ ಇನ್ನಿಬ್ಬರು ಕಣ್ಣಿಟ್ಟಿದ್ದರು. ತೊಟ್ಟು ಬಿಡಿಸುವವಳಿಗೆ ಮಕ್ಕಳಿಗೆ ಕಲಿಸಲು ಏನು ಬರುತ್ತದೆ ಎಂದು ಅವರು ಆಡಿದ ಮಾತು ನಲ್ಲಿಯ ಹತ್ತಿರ ಅವ್ವನ ಕಿವಿಗೂ ಬಿದ್ದಿತ್ತು.

ಸೇರಿದ ಎರಡನೆಯ ವಾರ ಸೂಪರ್‌ವೈಜರ್ ಮೇಡಮ್ ಬಂದು ಬರಿಗೋಡೆ ನೋಡಿದರು. ಹಣ್ಣು, ಹಕ್ಕಿ, ಸಾಕುಪ್ರಾಣಿಗಳ ಚಾರ್ಟು ಹಚ್ಚಬೇಕು, ಅಂಗಡಿಯಿಂದ ತಂದದ್ದಲ್ಲ, ಕೈಯಿಂದ ಬರೆದದ್ದು ಬೇಕು, ಶಿವರಾತ್ರಿ ಆದ ಮೇಲೆ ಬಂದು ನೋಡುತ್ತೇನೆ ಎಂದು ಹೇಳಿ ಹೋದರು. ಅಂದು ಸಂಜೆ ಅವ್ವ ನನ್ನ ಎದುರು ಒಂದು ಹೊಸ ನೋಟ್‌ಬುಕ್ ಇಟ್ಟಳು.

"ರೇಣಿ, ನನಗ ಚಿತ್ರಾ ತಗಿಯೂದು ಕಲಿಸ್ತೀಯೇನು?"

ನಮ್ಮ ಸರ್ ನಮಗೆ ಮೊದಲು ಗೆರೆಗಳನ್ನೇ ಕಲಿಸಿದ್ದರು. ನಾನೂ ಹಾಗೇ ಶುರು ಮಾಡಿದೆ. ಒಂದು ಪುಟ ನಿಂತ ಗೆರೆ, ಒಂದು ಪುಟ ಮಲಗಿದ ಗೆರೆ, ಒಂದು ಪುಟ ಓರೆ ಗೆರೆ, ಆಮೇಲೆ ವೃತ್ತ. ಅವ್ವ ಸಂಜೆ ಬಂದು ಚಹಾಕ್ಕೆ ಇಟ್ಟು, ಪಡಸಾಲೆಯಲ್ಲಿ ಕಾಲು ಮಡಿಚಿ ಕುಳಿತು ಬರೆಯುತ್ತಿದ್ದಳು. ನಾನು ಕೆಂಪು ಪೆನ್ನು ಹಿಡಿದು ಎದುರಿಗೆ ಕೂರುತ್ತಿದ್ದೆ. ಅವಳ ನಿಂತ ಗೆರೆಗಳು ಒಂದರ ಮೇಲೊಂದು ವಾಲುತ್ತಿದ್ದವು. ಮಲಗಿದ ಗೆರೆಗಳು ನಡುವೆ ಎಲ್ಲೋ ಮಗ್ಗಲು ಬದಲಿಸುತ್ತಿದ್ದವು.

"ಅವ್ವಾ, ಪೆನ್ಸಿಲ್ ನಾಲಿಗೀಗೆ ಯಾಕ ಹಚ್ಚತಿ?"

"ಕರ್ರಗ ಬರ್ತೈತಿ."

"ಕರ್ರಗ ಬರೂದು ಬ್ಯಾಡ. ಹಗೂರಕ ಬರಬೇಕು."

"ಹಗೂರಕ ಬರದ್ರ ನನಗ ಕಾಣೂದಿಲ್ಲ."

ಮೂರು ದಿನ ಇದೇ ಮಾತು ನಡೆಯಿತು. ಮಣಿಕಟ್ಟು ತಿರುಗಿಸಬೇಡ, ಪೂರ್ತಿ ತೋಳು ಆಡಿಸು ಎಂದರೆ ಅವಳು ಹಿಟ್ಟು ನಾದುವವಳಂತೆ ಭುಜ ಹಾಕಿ ಪೆನ್ಸಿಲಿನ ಮೊನೆ ಮುರಿಯುತ್ತಿದ್ದಳು. ಅಳಿಸಬೇಡ ಎಂದರೆ ನಾನು ನೀರು ಕುಡಿಯಲು ಎದ್ದಾಗ ಅಳಿಸಿ, ರಬ್ಬರಿನ ಪುಡಿಯನ್ನು ಸೀರೆಯ ಮಡಿಲಿಗೆ ಕೊಡವಿಕೊಳ್ಳುತ್ತಿದ್ದಳು. ನಾನು ಪುಟ ಪುಟಕ್ಕೂ ಕೆಂಪಿನಲ್ಲಿ 'ಇನ್ನೊಮ್ಮೆ' ಎಂದು ಬರೆಯುತ್ತಿದ್ದೆ. ಅವಳು ಮರುಮಾತಿಲ್ಲದೆ ಇನ್ನೊಮ್ಮೆ ಬರೆಯುತ್ತಿದ್ದಳು, ಹಿಂದಿನಷ್ಟೇ ಡೊಂಕಾಗಿ.

ವೃತ್ತಕ್ಕೆ ಬಂದಾಗ ನನ್ನ ತಾಳ್ಮೆ ಪೂರ್ತಿ ಕೆಟ್ಟಿತು. "ರೊಟ್ಟಿ ಅಷ್ಟ ಗುಂಡಗ ಬಡೀತಿ, ಇದ್ಯಾಕ ಬರೂದಿಲ್ಲ?" ಎಂದೆ.

"ರೊಟ್ಟಿ ಕೈ ಕೆಳಗ ತಿರಗ್ತೈತಿ ಯವ್ವಾ. ಹಾಳಿ ತಿರಗೂದಿಲ್ಲಲ್ಲ."

ಹಾಗೆಂದವಳು ಸ್ವಲ್ಪ ಯೋಚಿಸಿ, ಪೆನ್ಸಿಲನ್ನು ಒಂದೇ ಕಡೆ ಊರಿ ಎಡಗೈಯಿಂದ ನೋಟ್‌ಬುಕ್ಕನ್ನೇ ಮೆಲ್ಲಗೆ ತಿರುಗಿಸಿದಳು. ಹೆಚ್ಚುಕಡಿಮೆ ದುಂಡಗಿನ ವೃತ್ತ ಬಂತು. ಅವಳ ಮುಖ ಅರಳಿತು.

"ಪರೀಕ್ಷಾದಾಗ ಹಾಳಿ ತಿರಗಿಸಿದ್ರ ನಪಾಸ" ಎಂದೆ.

"ನನಗ್ಯಾರು ಪರೀಕ್ಷಾ ಇಟ್ಟಾರ?"

ಅವಳು ಬರೆದ ವೃತ್ತಗಳಲ್ಲೇ ಚೆಂದದ ಆ ಒಂದರ ಮೇಲೆ ನಾನು ಕೆಂಪು ಗೆರೆ ಎಳೆದೆ. ಪೇಟೆಯಿಂದ ಬಂದು ಚಹಾ ಕುಡಿಯುತ್ತಿದ್ದ ಅಪ್ಪ ಬಸಿಯನ್ನು ಕೆಳಗಿಟ್ಟರು. "ನಿನ್ನ ಕೈ ಹಿಡದು ಅಕ್ಷರಾ ತಿದ್ದಿಸಿದಾಕಿ ಆಕಿ. ಸಮಾಧಾನದಿಂದ ಹೇಳು." ಅದು ಬೇರೆ, ಇದು ಬೇರೆ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಹದಿನೈದನೆಯ ಸಂಜೆ ಆಕಳು ಬರೆಯುವುದಿತ್ತು. ಅವ್ವ ಬರೆದ ಆಕಳಿಗೆ ಕೋಡುಗಳು ಕಿವಿಯೊಳಗಿಂದ ಹೊರಟಿದ್ದವು. ಬಾಲ ಐದನೆಯ ಕಾಲಿನಂತೆ ನೆಲಕ್ಕೆ ಊರಿತ್ತು. ನಾನು ರಬ್ಬರು ಕಿತ್ತುಕೊಂಡು ಉಜ್ಜಿದೆ. ಹಾಳೆ ಹರಿಯಿತು. ಆ ಸಿಟ್ಟಿಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಎಷ್ಟ ದಿನದಿಂದ ಹೇಳಾಕತ್ತೇನಿ, ನಿನ್ನ ತಲಿಗೆ ಹೋಗೂದಿಲ್ಲ. ನಿನಗ ತೊಟ್ಟು ಬಿಡಿಸೂದ ಸರಿ ಐತಿ."

ಅವ್ವ ನನ್ನನ್ನು ನೋಡಲಿಲ್ಲ. ಹರಿದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನೊಳಗೆ ಇಟ್ಟಳು. ಎದ್ದು ಹೋಗಿ ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟಳು.

ತಪ್ಪಾಯಿತು ಅನ್ನುವ ಬದಲು ನಾನು ನನಗೆ ಬರುವುದನ್ನು ಮಾಡಿದೆ. ಎರಡು ದಿನ ಕೂತು ಮೂರೂ ಚಾರ್ಟುಗಳನ್ನು ನಾನೇ ಬರೆದೆ, ಬಣ್ಣ ತುಂಬಿದೆ. ಮಾವಿನ ಹಣ್ಣಿಗೆ ಬೆಳಕು ನೆರಳು ಕೊಟ್ಟೆ, ಆಕಳಿಗೆ ಕಣ್ಣಿನ ರೆಪ್ಪೆಯನ್ನೂ ಬಿಡಲಿಲ್ಲ. ಅವ್ವ ಬಹಳ ಹೊತ್ತು ನೋಡಿ, "ಭಾಳ ಚಂದ ತಗದಿ" ಎಂದು ಸುರುಳಿ ಸುತ್ತಿ ಒಯ್ದಳು. ಅಂದಿನಿಂದ ಸಂಜೆಯ ಪಾಠ ನಿಂತಿತು. ಪೀಡೆ ಕಳೆಯಿತು ಎಂದು ನಾನು ಓಣಿಯಲ್ಲಿ ಒಂಟಿಕಾಲಿನ ಕುಂಟಲಿಪಿ ಆಡಲು ಓಡಿದೆ.

ಶಿವರಾತ್ರಿಯಾದ ಮೇಲೊಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ಸೂಪರ್‌ವೈಜರ್ ಬಂದಿದ್ದಾರೆಂದು ಗೊತ್ತಾಯಿತು. ನನ್ನ ಚಾರ್ಟಿನ ಹೊಗಳಿಕೆ ಕೇಳಬೇಕೆಂದು ಅಂಗನವಾಡಿಗೆ ಓಡಿದೆ. ಗೋಡೆಯ ಮೇಲೆ ನನ್ನ ಚಿತ್ರಗಳಿರಲಿಲ್ಲ. ನಾನಿಲ್ಲದ ಹೊತ್ತಿನಲ್ಲಿ ಅವ್ವ ತಾನೇ ಹೊಸ ಹಾಳೆಗಳ ಮೇಲೆ ಬರೆದವು ಇದ್ದವು. ಬದನೆಕಾಯಿಯಂಥ ಮಾವಿನ ಹಣ್ಣು, ಕುತ್ತಿಗೆಯಿಲ್ಲದ ಗಿಳಿ, ಅದೇ ಐದು ಕಾಲಿನ ಆಕಳು. ನಾನು ಬಾಗಿಲಲ್ಲೇ ನಿಂತೆ.

ಆಕಳಿನ ಕೆಳಗೆ, ಗೋಡೆಗೆ ಬಳಿದ ಕರಿಪಟ್ಟಿಯ ಹತ್ತಿರ ನಾಲ್ಕೈದು ಮಕ್ಕಳು ಒಬ್ಬರನ್ನೊಬ್ಬರು ನೂಕುತ್ತ ನಿಂತಿದ್ದರು. ಒಂದು ಪುಟ್ಟ ಹುಡುಗಿ ಚಾಕ್‌ಪೀಸ್ ಹಿಡಿದು ಅವ್ವನಿಗೆ ಹೇಳುತ್ತಿದ್ದಳು, "ಟೀಚರ್, ಕೋಡು ಹಂಗ ಇರೂದಿಲ್ಲ. ನಮ್ಮ ಆಕಳದ್ದು ಹಿಂಗ ಐತಿ ನೋಡ್ರಿ." ಎರಡು ಬಾಗಿದ ಗೆರೆ ಎಳೆದಳು. ಇನ್ನೊಬ್ಬ ಅವಳ ಕೈಯಿಂದ ಚಾಕ್ ಕಸಿದು ಬಾಲ ಬರೆಯತೊಡಗಿದ.

"ಇದು ಆಕಳ ಏನ್ರಿ?" ಎಂದು ಸೂಪರ್‌ವೈಜರ್ ನಕ್ಕರು.

"ಹೌದ್ರಿ ಮೇಡಮ್. ಸರಿ ಬಂದಿಲ್ಲ."

"ಇರಲಿ ಬಿಡ್ರಿ. ಹುಡುಗ್ರು ತಿದ್ದಾಕತ್ತಾವಲ್ಲ." ಅವರು ನಗುತ್ತಲೇ ರಿಜಿಸ್ಟರಿನಲ್ಲಿ ಏನೋ ಬರೆದು ಸಹಿ ಹಾಕಿ ಹೊರಟರು.

ಅವರು ಹೋದದ್ದೇ ತಡ, ನನ್ನ ಚಾರ್ಟುಗಳೆಲ್ಲಿ ಎಂದು ಕೇಳಿದೆ. ಅವ್ವ ಕಪಾಟಿನ ಮೇಲಿದ್ದ ಸುರುಳಿಯನ್ನು ತೋರಿಸಿದಳು.

"ಮೊದಲ ನಿನ್ನವ ಹಚ್ಚಿದ್ದೆ. ಹುಡುಗ್ರು ಕೈ ಕಟಗೊಂಡು ನೋಡಿದ್ವು. ನೀವೂ ಬರೀರಿ ಅಂದ್ರ, ನಮಗ ಬರೂದಿಲ್ರಿ ಅಂದ್ವು. ನಂದು ಹಚ್ಚಿದ ಮ್ಯಾಲ ಒಂದೊಂದ ಎದ್ದು ಬಂದ್ವು."

"ಹಂಗಾರ ನನ್ನ ಕಡೆ ಯಾಕ ಕಲೀಲಿಕ್ಕೆ ಬಂದಿ?"

"ನೀ ಕಲಿಸೀದಿ, ಅದಕ್ಕ ಇಷ್ಟಾರ ಬಂದೈತಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಮನೆಯ ದಾರಿಯಲ್ಲಿ ಗಾಡಿಯವನ ಹತ್ತಿರ ಚುರುಮುರಿಯ ಗಿರಮಿಟ್ ಕಟ್ಟಿಸಿಕೊಟ್ಟಳು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಅಗಿಯುತ್ತ, ಕಣ್ಣಲ್ಲಿ ಬಂದ ನೀರಿಗೆ ಖಾರದ ಹೆಸರು ಹೇಳಿ ನಡೆದೆ. ತೊಟ್ಟಿನ ಮಾತಿಗೆ ಕ್ಷಮೆ ಕೇಳಲಿಲ್ಲ. ಅವಳೂ ಅದನ್ನು ಎಂದೂ ಎತ್ತಲಿಲ್ಲ.

ಅವ್ವ ಅದೇ ಅಂಗನವಾಡಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದಳು. ಚಿತ್ರ ಬರೆಯುವುದನ್ನೂ ಬಿಡಲಿಲ್ಲ. ಆದರೆ ಒಂದು ಹಾಳೆಯನ್ನೂ ನನ್ನ ಮುಂದೆ ಹಿಡಿಯಲಿಲ್ಲ. ನಾನೀಗ ಹಾವೇರಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಕ್ಕಳ ಡೊಂಕು ಗೆರೆ ನೋಡಿ ಸಿಟ್ಟು ಇಂದಿಗೂ ಬರುತ್ತದೆ, ನುಂಗಿಕೊಳ್ಳುತ್ತೇನೆ. ಟೀಚರಿಗೆ ಭಾಳ ತಾಳ್ಮೆ ಎಂದು ಪಾಲಕರು ಅನ್ನುತ್ತಾರೆ.

ಮೊನ್ನೆ ಊರಿಗೆ ಹೋದಾಗ ಅವ್ವ ಮೊಬೈಲಿನಲ್ಲಿ ಫೋಟೋ ಕಳಿಸುವುದನ್ನು ಪಕ್ಕದ ಮನೆಯ ಹುಡುಗಿಯಿಂದ ಕಲಿಯುತ್ತ ಕೂತಿದ್ದಳು. ನನ್ನನ್ನು ಯಾಕೆ ಕೇಳಲಿಲ್ಲ ಎಂದೆ.

"ನೀ ಸಿಟ್ಟಿಗೇಳ್ತಿ" ಎಂದಳು. ದೂರಿದ್ದಲ್ಲ, ಮಗಳಿಗೆ ಮೊಸರು ಸೇರುವುದಿಲ್ಲ ಎಂದು ಯಾರಿಗೋ ಹೇಳುವಷ್ಟೇ ಸಹಜವಾಗಿ.

ನನ್ನಿಂದ ಏನನ್ನಾದರೂ ಕಲಿಯಬೇಕೆಂದು ಅವ್ವ ನನ್ನ ಎದುರು ಕುಳಿತದ್ದು ಇಷ್ಟು ವರ್ಷಗಳಲ್ಲಿ ಆ ಹದಿನೈದು ಸಂಜೆ ಮಾತ್ರ. ಅದರಲ್ಲಿ ನಾನು ಸಿಡುಕದೆ ಕಳೆದ ಸಂಜೆ ಒಂದಾದರೂ ಇದ್ದೀತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.