ಎರಡು ಮೂಟೆ ಮರಳು

ಹಾರನಹಳ್ಳಿಯಾಚೆ ಒಂದು ಕೆಮ್ಮಣ್ಣಿನ ಏರು ಇದೆ. ಮಳೆ ಬಿದ್ದ ಮೇಲಿನ ಭಾನುವಾರ ಅಲ್ಲಿ ಜೀಪಿನವರು ಸೇರುತ್ತಾರೆ. ನಾಲ್ಕೂ ಚಕ್ರ ಎಳೆಯುವ ಗಾಡಿಗಳು ಅವು. ಹತ್ತಿದರೆ ಅದೇನು ಮಹಾ! ನನ್ನದು ಹಳೆಯ ಪಿಕಪ್. ಎಂಜಿನ್ನಿಗೆ ಸಾಕಷ್ಟು ಕೆಲಸ ಮಾಡಿಸಿ ಬಲ ಹೆಚ್ಚಿಸಿದ್ದೆ, ಆದರೆ ಎಳೆಯುವುದು ಹಿಂದಿನ ಎರಡೇ ಚಕ್ರ. ಅದರಲ್ಲೇ ಹತ್ತಿ ತೋರಿಸಬೇಕೆಂಬುದು ನನ್ನ ಹಟ. ಅರಸೀಕೆರೆಯ ಕಚೇರಿಯಲ್ಲಿ ವಾರವಿಡೀ ಕಡತ ಕಟ್ಟುವವನಿಗೆ ಇಷ್ಟಾದರೂ ಹಟ ಬೇಡವೇ?

ಹಿಂಬದಿ ಖಾಲಿಯಿದ್ದರೆ ಪಿಕಪ್ಪಿನ ಚಕ್ರ ಕೆಸರಲ್ಲಿ ಸುಮ್ಮನೆ ಸುತ್ತುತ್ತದೆ, ನೆಲ ಕಚ್ಚುವುದಿಲ್ಲ. ಅದಕ್ಕೇ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ ಹಿಂದೆ, ಸರಿಯಾಗಿ ಆಕ್ಸಲ್ ಮೇಲೆ ಭಾರ ಬೀಳುವಂತೆ, ನಿಲ್ಲುತ್ತಿದ್ದ. ದಪ್ಪ ಆಸಾಮಿ. ಕ್ಯಾಬಿನ್ನಿನ ತಗಡಿಗೆ ಎರಡು ಸಲ ತಟ್ಟಿದರೆ ಹೊರಡು, ಒಂದು ಸಲ ತಟ್ಟಿದರೆ ನಿಲ್ಲಿಸು ಎಂದರ್ಥ. ಆರೇಳು ವರ್ಷ ನಮ್ಮ ಭಾನುವಾರಗಳು ಹೀಗೇ ಕಳೆದವು. ಮುಕ್ಕಾಲು ಏರು ಹತ್ತುತ್ತಿದ್ದೆವು, ಜಾರುತ್ತಿದ್ದೆವು, ಹಾರನಹಳ್ಳಿಯಲ್ಲಿ ಟೀ ಕುಡಿದು ತಪ್ಪು ಯಾರದೆಂದು ಜಗಳವಾಡುತ್ತ ಮನೆಗೆ ಬರುತ್ತಿದ್ದೆವು.

ಒಂದು ಸಲ ಜೀಪಿನವನೊಬ್ಬ, ಇವರ ತೂಕ ಇಲ್ಲದಿದ್ದರೆ ನಿಮ್ಮ ಗಾಡಿ ಅಲ್ಲಾಡಲ್ಲ ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಎಲ್ಲರೆದುರು ಗೆಳೆಯನಿಗೆ ಹೇಳಿಬಿಟ್ಟೆ: "ಇಳಿಯೋ ಕೆಳಗೆ. ನೀನೇ ಯಾಕೆ, ಎರಡು ಮೂಟೆ ಮರಳು ಹಾಕಿದ್ರೂ ಆಯ್ತದೆ."

ಅವನು ಇಳಿದ. ಬಸ್ಸು ಹಿಡಿದು ಹೋದ. ಸೋಮವಾರ ಕಚೇರಿಯಲ್ಲಿ ಮಾತಾಡಲಿಲ್ಲ. ಕೆಲವು ತಿಂಗಳಲ್ಲಿ ಅರೇಹಳ್ಳಿ ಕಡೆಗೆ ವರ್ಗ ಮಾಡಿಸಿಕೊಂಡು ಹೊರಟೇ ಹೋದ. ತಪ್ಪಾಯ್ತು ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಬದಲಿಗೆ ಗಾಡಿ ಸರಿಮಾಡಲು ಕೂತೆ.

ಹೆಚ್ಚು ಹೊರೆ ತಡೆಯಲೆಂದು ಹಿಂದಿನ ಮಾಲೀಕ ಹಿಂಬದಿ ಸ್ಪ್ರಿಂಗಿಗೆ ಹಾಕಿಸಿದ್ದ ಒಂದು ಹೆಚ್ಚಿನ ಕಮಾನು ಪಟ್ಟಿಯನ್ನು ತೆಗೆಸಿದೆ. ಅದರ ಬಿಗಿಗೆ ಖಾಲಿ ಗಾಡಿ ಗುಂಡಿ ಸಿಕ್ಕಾಗೆಲ್ಲ ಕುಪ್ಪಳಿಸಿ ಚಕ್ರ ನೆಲ ಬಿಡುತ್ತಿತ್ತು. ಜೋರು ಕೊಟ್ಟಾಗ ಆಕ್ಸಲ್ ತಿರುಚದಂತೆ ಎರಡೂ ಬದಿಗೆ ಕಬ್ಬಿಣದ ಸರಳು ಕೂಡಿಸಿದೆ. ಹೊಸ ಶಾಕ್ ಅಬ್ಸಾರ್ಬರ್ ಹಾಕಿದೆ, ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸಿದೆ. ಗಾಡಿಯಡಿ ಮಲಗಿ, ಸ್ಪ್ಯಾನರ್ ಕೊಡೋ ಎಂದು ಕೈ ಚಾಚಿದ್ದೂ ಉಂಟು. ಕೊಡಲು ಯಾರೂ ಇರಲಿಲ್ಲ. ಕೊನೆಗೆ ಅವನು ನಿಲ್ಲುತ್ತಿದ್ದ ಜಾಗದಲ್ಲೇ ಎರಡು ಮೂಟೆ ಮರಳು ಇಟ್ಟು ಹಗ್ಗ ಬಿಗಿದೆ.

ಹೋದ ಮಳೆಗಾಲದಲ್ಲಿ ಒಂದು ಬುಧವಾರ ರಜೆ ಹಾಕಿ ಏರಿನ ಬುಡಕ್ಕೆ ಹೋದೆ. ಗೇರ್ ಹಾಕಿ ಸುಮ್ಮನೆ ಕೂತಿದ್ದೆ. ತಗಡು ತಟ್ಟುವ ಸದ್ದಿಗೆ ಕಾಯುತ್ತಿದ್ದೇನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕ್ಲಚ್ ಬಿಟ್ಟೆ. ಗಾಡಿ ಎಲ್ಲೂ ಜಾರದೆ ನೆತ್ತಿ ಮುಟ್ಟಿತು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನನಗೆ ಅಷ್ಟು ಒಂಟಿ ಅನ್ನಿಸಿದ್ದು ಹಿಂದೆಂದೂ ಇಲ್ಲ.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಅವನು ಹಲೋ ಅನ್ನುವಷ್ಟರಲ್ಲಿ, ಹತ್ತಿತು ಅಂದರೆ ಇವನು ಇನ್ನು ಬರುವುದೇ ಇಲ್ಲ ಎಂದು ಹೊಳೆಯಿತು.

"ಹತ್ತಲಿಲ್ಲ ಕಣೋ," ಅಂದೆ. "ನೀನಿಲ್ದೆ ಆಗಲ್ಲ. ಭಾನುವಾರ ಬಾ."

ಅವನು, ಕೋಪವೇನೂ ಇಲ್ಲದ ದನಿಯಲ್ಲಿ, "ಎರಡು ಮೂಟೆ ಮರಳು ಹಾಕ್ ನೋಡ್ಲಾ," ಅಂದ.

ಹಾಕ್ತೀನಿ ಎಂದು ಫೋನ್ ಇಟ್ಟೆ.