ಆಲ್ವೇಸ್ ಎಲ್ಲಿ ಬರಬೇಕು

ಹೊಳಲ್ಕೆರೆಯಲ್ಲಿ ಹಿಟ್ಟಿನ ಗಿರಣಿಯ ಪಕ್ಕದ ಮನೆಯ ಮುಂಭಾಗದಲ್ಲಿ ಅನ್ನಪೂರ್ಣಮ್ಮ ಬ್ಲೌಸ್ ಹೊಲಿಯುತ್ತಾರೆ. ಗಿರಣಿ ಓಡುವಾಗ ಮೆಷಿನ್ನಿನ ಸದ್ದು ಅವರಿಗೇ ಕೇಳಿಸುವುದಿಲ್ಲ. ಸಿರಿಗೆರೆ ಕಡೆಯವರು, ಓದಿದ್ದು ಏಳನೇ ಕ್ಲಾಸು. ಗಂಡ ಮುರುಗೇಶಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಊರಿನವರ ಬಾಯಲ್ಲಿ ಅವರು ಗ್ರಾಮರ್ ಮೇಷ್ಟ್ರು. ಕ್ಲಾಸಿನಲ್ಲಿ ಗಂಟಲು ಕಟ್ಟುವಷ್ಟು ಮಾತಾಡುತ್ತಿದ್ದ ಮನುಷ್ಯ ಮನೆಗೆ ಬಂದರೆ ಪೇಪರ್ ಹಿಡಿದು ಕೂತುಬಿಡುತ್ತಿದ್ದರು. ಗಂಡ ಹೆಂಡತಿಗೆ ಜಗಳವೇನೂ ಇರಲಿಲ್ಲ. ಊಟಕ್ಕೆ ಏಳ್ರಿ, ಲೈಟ್ ಬಿಲ್ ಬಂದೈತೆ, ಚೈತ್ರಾ ಬಸ್ಸು ಇನ್ನೂ ಬರಲಿಲ್ಲವಲ್ಲ, ಹೀಗೆ ನಾಲ್ಕು ಮಾತಿನಲ್ಲಿ ದಿನ ಮುಗಿಯುತ್ತಿತ್ತು. ಹೊಸದುರ್ಗದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ಮಗಳು ಚೈತ್ರಾ ಸಂಜೆ ಬಂದಮೇಲೆಯೇ ಮನೆಯಲ್ಲಿ ಸ್ವಲ್ಪ ಗಲಗಲ.

ಒಂದು ಭಾನುವಾರ ಬೆಳಿಗ್ಗೆ ಮುರುಗೇಶಪ್ಪನವರ ಕೈಯಿಂದ ಕಾಫಿ ಲೋಟ ಜಾರಿತು. ಅನ್ನಪೂರ್ಣಮ್ಮ ಓಡಿ ಬಂದು ನೋಡಿದರೆ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮಗಳು ಪಕ್ಕದವರ ಕಾರಿನಲ್ಲಿ ತಂದೆಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದಳು. ಜೀವ ಉಳಿಯಿತು, ಕಾಲಿಗೂ ನಿಧಾನವಾಗಿ ಬಲ ಬಂತು. ಬಲಗೈ ಮಾತ್ರ ಸೋತಿತು. ಮಾತು ನಿಂತುಹೋಯಿತು. ಯಾರು ಏನು ಹೇಳಿದರೂ ಅರ್ಥವಾಗುತ್ತಿತ್ತು. ಉತ್ತರ ಹೇಳಲು ಬಾಯಿ ತೆರೆದರೆ "ಅದು... ಅದು..." ಎಂಬಲ್ಲಿಗೇ ನಿಲ್ಲುತ್ತಿತ್ತು. ಹೆಂಡತಿಯ ಹೆಸರೂ ನಾಲಿಗೆಗೆ ಬರುತ್ತಿರಲಿಲ್ಲ.

ಮನೆಗೆ ಬಂದಮೇಲೆ ಒಂದು ಮಧ್ಯಾಹ್ನ ಅನ್ನಪೂರ್ಣಮ್ಮ ಗಂಜಿ ಕುಡಿಸುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಅಂದರು:

"ಐ ಮಸ್ಟ್ ಆಲ್ವೇಸ್ ಹ್ಯಾವ್ ಎ ಪೆನ್."

ಅನ್ನಪೂರ್ಣಮ್ಮನಿಗೆ ತಿಳಿದದ್ದು ಪೆನ್ ಎಂಬುದೊಂದೇ. ಚಮಚ ಅಲ್ಲೇ ಬಿಟ್ಟು ಓಡಿಹೋಗಿ ಪೆನ್ನು ತಂದು ಕೊಟ್ಟರು. ಮುರುಗೇಶಪ್ಪ ಅದನ್ನು ಎಡಗೈಯಿಂದ ತಳ್ಳಿದರು. ಕಣ್ಣಲ್ಲಿ ಸಿಟ್ಟಿತ್ತು. ಆಮೇಲೆ ಗೊತ್ತಾಯಿತು, ಗಂಜಿಗೆ ಉಪ್ಪು ಹಾಕಿರಲಿಲ್ಲ.

ಅಂದಿನಿಂದ ಇಂಥ ಮಾತುಗಳೇ ಬರತೊಡಗಿದವು. ನಮಗೆ ತೋಟವೂ ಇರಬಹುದು, ನಿನ್ನ ಬಳಿ ಎಂದೂ ಕತ್ತಿ ಇರಬಾರದು, ಎಲ್ಲ ಇಂಗ್ಲಿಷಿನಲ್ಲಿ, ಎಲ್ಲ ಸಂದರ್ಭವಿಲ್ಲದ ಮಾತು. ಚೈತ್ರಾ ಅಡುಗೆಮನೆಗೆ ಬಂದು ಅತ್ತಳು. "ಅಪ್ಪಾಜಿಗೆ ತಲೆ ಸರಿ ಇಲ್ಲ ಅನ್ಸುತ್ತಮ್ಮ." ಚಿತ್ರದುರ್ಗದ ಡಾಕ್ಟರು ಮಾತ್ರ ಸಮಾಧಾನ ಹೇಳಿದರು. ಕೆಲವರಿಗೆ ಆಮೇಲೆ ಕಲಿತ ಭಾಷೆಯೇ ತಾಯಿಮಾತಿಗಿಂತ ಮೊದಲು ವಾಪಸ್ ಬರುತ್ತದಂತೆ. "ಯಾವ ಭಾಷೆ ಬರುತ್ತೋ ಅದರಲ್ಲೇ ಮಾತಾಡಿಸಿ. ಸುಮ್ಮನೆ ಕೂರೋಕೆ ಬಿಡಬೇಡಿ" ಎಂದರು.

ಹಗಲೆಲ್ಲ ಮನೆಯಲ್ಲಿರುವವರು ಅನ್ನಪೂರ್ಣಮ್ಮ. ಅವರು ಯಾವ ಇಂಗ್ಲಿಷಿನಲ್ಲಿ ಮಾತಾಡಿಸಬೇಕು?

ಆ ವಾರ ಮೇಷ್ಟ್ರನ್ನು ನೋಡಲು ಅವರ ಹಳೆಯ ವಿದ್ಯಾರ್ಥಿ ಕೊಟ್ರೇಶ್ ಬಂದರು. ಅವರೂ ಈಗ ಬಾಗೂರಿನ ಹತ್ತಿರ ಇಂಗ್ಲಿಷ್ ಮೇಷ್ಟ್ರು. ಕುರ್ಚಿ ಎಳೆದು ಕೂತು, ಹೇಗಿದ್ದೀರಿ ಸರ್ ಎಂದರು. ಮುರುಗೇಶಪ್ಪ ಅವರ ಮುಖವನ್ನೇ ನೋಡಿ, "ವಿ ಮೇ ಆಲ್ಸೋ ಹ್ಯಾವ್ ಎ ಗಾರ್ಡನ್" ಎಂದರು.

ಕೊಟ್ರೇಶ್ ಜೋರಾಗಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

"ಅಮ್ಮ, ಇದು ಸರ್ ಪಾಠ! ವರ್ಷ ವರ್ಷ ಬೋರ್ಡ್ ಮೇಲೆ ಇದನ್ನೇ ಬರೀತಿದ್ರು. ನಾವು ಒಕ್ಕೊರಲಿಂದ ಕೂಗ್ಬೇಕಿತ್ತು. ಅದೇ ನಾಲಿಗೆ ಮೇಲೆ ಉಳ್ಕಂಡೈತೆ."

"ಹಂಗಾರೆ ನಂಗೂ ಅದನ್ನ ಹೇಳಿಕೊಡಪ್ಪ" ಎಂದರು ಅನ್ನಪೂರ್ಣಮ್ಮ.

ಬಟ್ಟೆ ಕತ್ತರಿಸುವ ಹಲಗೆಯ ಮೇಲೆ, ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದಲೇ ಕೊಟ್ರೇಶ್ ಗೆರೆ ಎಳೆದರು. ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದರು.

"ಮೊದ್ಲು ಯಾರು ಅನ್ನೋದು. ಆಮೇಲೆ ಮಸ್ಟ್, ಮೇ, ಶುಡ್. ಇರಲೇಬೇಕು, ಇರಬಹುದು, ಇದ್ರೆ ಒಳ್ಳೇದು ಅಂತ. ಕೊನೇಗೆ ಹ್ಯಾವ್, ಅದರ ಮುಂದೆ ಸಾಮಾನು. ಆಲ್ವೇಸ್ ಅಂದ್ರೆ ಯಾವಾಗ್ಲೂ, ನೆವರ್ ಅಂದ್ರೆ ಯಾವತ್ತೂ ಇಲ್ಲ, ಆಲ್ಸೋ ಅಂದ್ರೆ ಇದೂನೂ. ಇವು ಮಸ್ಟಿಗೂ ಹ್ಯಾವಿಗೂ ಮಧ್ಯೆ ಕುಂತ್ಕಬೇಕು. ಆಚೀಚೆ ಹಾಕಿದೋರನ್ನ ಸರ್ ಬೆಂಚ್ ಮೇಲೆ ನಿಲ್ಲಿಸ್ತಿದ್ರು."

ಅನ್ನಪೂರ್ಣಮ್ಮ ಹಲಗೆಯನ್ನು ನೋಡಿದರು. ತೋಳಿಗೂ ಮೈಗೂ ನಡುವೆ ಕಂಕುಳಲ್ಲಿ ಸೇರಿಸುವ ಚಿಕ್ಕ ತುಂಡು ನೆನಪಾಯಿತು. ಅದು ತನ್ನ ಜಾಗದಲ್ಲಿದ್ದರೆ ಕೈ ಸಲೀಸಾಗಿ ಮೇಲೇಳುತ್ತದೆ, ಇಲ್ಲದಿದ್ದರೆ ಹಿಡಿಯುತ್ತದೆ.

"ಹ್ಯಾವ್ ಅಂದ್ರೆ ಐತೆ ಅಂತಾನಾ?"

"ಪೂರಾ ಹಂಗಲ್ಲಮ್ಮ. ನಾವು ನನ್ನ ಹತ್ರ ಐತೆ ಅಂತೀವಿ. ಅವರು ಅದನ್ನ ತಾವೇ ಇಟ್ಕಂಡಂಗೆ ಹೇಳ್ತಾರೆ. ಅದಕ್ಕೆ ಸರಿಸಮ ಒಂದೇ ಮಾತು ನಮ್ಮಲ್ಲಿಲ್ಲ."

ಕೊಟ್ರೇಶ್ ಹೋದಮೇಲೂ ಅನ್ನಪೂರ್ಣಮ್ಮ ಆ ಮಾತನ್ನೇ ಯೋಚಿಸಿದರು. ಇಷ್ಟು ವರ್ಷ ಈ ಮನುಷ್ಯ ತನ್ನ ಹತ್ತಿರವೇ ಇದ್ದರು, ಒಂದೇ ಗೋಡೆಗಳ ನಡುವೆ. ಹತ್ತಿರ ಇದ್ದರು ಎಂಬುದಕ್ಕಿಂತ ಹೆಚ್ಚಿನದನ್ನು ಹೇಳುವ ಧೈರ್ಯ ಅವರಿಗೆ ಬರಲಿಲ್ಲ.

ಮೆಷಿನ್ ತುಳಿಯುತ್ತ ಸಾಲುಗಳನ್ನು ಬಾಯಿಪಾಠ ಮಾಡಿದರು. ಬ್ಲೌಸ್ ಅಳತೆ ಕೊಡಲು ಬಂದವರು ಮುಸಿಮುಸಿ ನಕ್ಕರೂ ನಿಲ್ಲಿಸಲಿಲ್ಲ. ಒಂದು ಬೆಳಿಗ್ಗೆ ನೀರಿನ ಲೋಟ ಹಿಡಿದು ಗಂಡನ ಮುಂದೆ ನಿಂತು, ನಾಚಿಕೆಯಿಂದ ತಲೆ ತಗ್ಗಿಸಿ ಹೇಳಿದರು:

"ಯು ಮಸ್ಟ್ ಆಲ್ವೇಸ್ ಹ್ಯಾವ್... ವಾಟರ್."

ಮುರುಗೇಶಪ್ಪ ಬೆಚ್ಚಿಬಿದ್ದವರಂತೆ ನೋಡಿದರು. ತುಟಿ ಅಲುಗಿತು. "ಐ ಮೇ... ಆಲ್ಸೋ ಹ್ಯಾವ್..." ಎಂದು ಅಲ್ಲಿ ತಡೆದು, ಹುಡುಕಿ, ಕೊನೆಗೆ "ಮಜ್ಜಿಗೆ" ಎಂದರು.

ಆ "ಅದು... ಅದು..." ಬಿಟ್ಟರೆ, ಕಾಯಿಲೆ ಬಿದ್ದಮೇಲೆ ಅವರ ಬಾಯಿಂದ ಬಂದ ಮೊದಲ ಕನ್ನಡ ಪದ ಇದು. ಅನ್ನಪೂರ್ಣಮ್ಮ ಆಗಲೇ ಮಜ್ಜಿಗೆ ಕಡೆಯಲು ಕೂತರು.

ಹೀಗೆ ಒಂದೊಂದೇ ಪದ ಇಂಗ್ಲಿಷ್ ಸಾಲಿನ ಕೊನೆಗೆ ಬಂದು ಸೇರತೊಡಗಿತು. ಉಪ್ಪು, ಚಾದರ, ಕನ್ನಡಕ. ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೋರಿಸುವಾಗ ಅನ್ನಪೂರ್ಣಮ್ಮ ಅವಸರದಲ್ಲಿ ತಪ್ಪಿದರು. "ಯು ಆಲ್ವೇಸ್ ಮಸ್ಟ್ ಹ್ಯಾವ್ ಶರ್ಟ್."

ಮುರುಗೇಶಪ್ಪನವರ ಬೆನ್ನು ನೆಟ್ಟಗಾಯಿತು. "ನೋ! ಮಸ್ಟ್ ಆಲ್ವೇಸ್. ಎ ಶರ್ಟ್." ಎಡಗೈಯಿಂದ ಕುರ್ಚಿಯ ಕೈಯನ್ನು ಕುಟ್ಟಿದರು. ತಡವರಿಕೆಯೇ ಇರಲಿಲ್ಲ. ಮುಖದ ಮೇಲೆ ಕ್ಲಾಸಿನಲ್ಲಿ ನಿಂತವರ ಕಳೆ ಬಂತು.

ಅದನ್ನು ಅನ್ನಪೂರ್ಣಮ್ಮ ಕಂಡರು. ಮರುದಿನದಿಂದ ಬೇಕೆಂದೇ ತಪ್ಪಾಗಿ ಹೇಳಿದರು. ನೆವರ್ ಅನ್ನು ಮೊದಲೇ ತಂದರು, ಆಲ್ಸೋವನ್ನು ಕೊನೆಗೆ ತಳ್ಳಿದರು. ಮೇಷ್ಟ್ರು ತಿದ್ದಿದರು. ತಿದ್ದುವ ಭರದಲ್ಲಿ ಹೊಸ ಮಾತುಗಳು ಹೊರಬಂದವು.

"ಅಮ್ಮ, ನಿನಗೆ ಸರಿಯಾಗೇ ಬರ್ತಿತ್ತಲ್ಲ?" ಎಂದಳು ಚೈತ್ರಾ.

"ಸುಮ್ನಿರು. ಅವರಿಗೆ ಕೆಲ್ಸ ಬೇಕು" ಎಂದರು ತಾಯಿ.

ಬೇಸಿಗೆಯ ಒಂದು ಸಂಜೆ ಅನ್ನಪೂರ್ಣಮ್ಮ ಹೂ ಕಟ್ಟುತ್ತ, "ಐ ಆಲ್ಸೋ ಮೇ ಹ್ಯಾವ್ ಫ್ಲವರ್ಸ್" ಎಂದರು. ಮುರುಗೇಶಪ್ಪ ತಿದ್ದಲಿಲ್ಲ. ಹೆಂಡತಿಯ ಕಡೆಗೆ ತಿರುಗಿ, ಒಂದೊಂದೇ ಪದವನ್ನು ಎತ್ತಿಟ್ಟಂತೆ ಹೇಳಿದರು:

"ಗೊತ್ತೈತೆ... ನಿಂಗೆ. ಬೇಕಂತ... ತಪ್ಪು ಹೇಳ್ತೀಯ."

ಅಷ್ಟು ಉದ್ದದ ಕನ್ನಡ ಮಾತು ಬಂದದ್ದಕ್ಕೆ ಸಂತೋಷಪಡಬೇಕೋ, ಸಿಕ್ಕಿಬಿದ್ದದ್ದಕ್ಕೆ ಹೆದರಬೇಕೋ ಅನ್ನಪೂರ್ಣಮ್ಮನಿಗೆ ತಿಳಿಯಲಿಲ್ಲ. "ಹೌದು ರೀ. ನೀವು ತಿದ್ದೋವಾಗ ಮಾತು ಬರುತ್ತೆ, ಅದಕ್ಕೆ" ಎಂದರು ಮೆಲ್ಲಗೆ. ಮುರುಗೇಶಪ್ಪ ಮುಖ ತಿರುಗಿಸಿದರು. ಊಟಕ್ಕೆ ಕರೆದರೆ ಬಂದರು, ತಿಂದರು, ಹೋಗಿ ಗೋಡೆ ಕಡೆ ತಿರುಗಿ ಮಲಗಿದರು.

ಊರೆಲ್ಲ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ ಮನುಷ್ಯ. ಅವರನ್ನು ಮಗುವನ್ನು ಆಡಿಸಿದಂತೆ ಆಡಿಸಿದೆನಲ್ಲ ಎಂದು ಅನ್ನಪೂರ್ಣಮ್ಮ ಕೊರಗಿದರು. ಬೆಳಿಗ್ಗೆ ಯಾವ ಇಂಗ್ಲಿಷನ್ನೂ ಆಡದೆ ಮೆಷಿನ್ ಮುಂದೆ ಕೂತು, ಕತ್ತು ಬಗ್ಗಿಸಿ ಹೊಲಿದರು. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಹಿಂದಿನಿಂದ ಕುರ್ಚಿ ಕಿರುಗುಟ್ಟಿತು.

"ಅನ್ನ... ಅನ್ನಪೂರ್ಣ."

ಅವರು ತಿರುಗಿದರು. ಮುರುಗೇಶಪ್ಪ ಮೆಷಿನ್ನಿನ ಕಡೆಗೆ ಎಡಗೈ ಚಾಚಿದ್ದರು.

"ತಪ್ಪು ಹೇಳು" ಎಂದರು.

"ಏನು?"

"ಹೇಳು. ತಪ್ಪು. ನಾನು... ತಿದ್ತೀನಿ."

ಅನ್ನಪೂರ್ಣಮ್ಮ ದಾರ ಕಡಿದು, ಸೆರಗಿನಿಂದ ಮೂಗು ಒರೆಸಿಕೊಂಡು, ತಮಗೆ ತಿಳಿದಿದ್ದರಲ್ಲೇ ಅತ್ಯಂತ ಕೆಟ್ಟದಾದ ಒಂದು ವಾಕ್ಯ ಹೇಳಿದರು. ಒಂದು ಪದವೂ ತನ್ನ ಜಾಗದಲ್ಲಿರಲಿಲ್ಲ. ಮುರುಗೇಶಪ್ಪ ಹಣೆಗೆ ಕೈ ಹಚ್ಚಿ ನಕ್ಕರು. ಅವರು ಹೀಗೆ ನಗುವುದನ್ನು ಅನ್ನಪೂರ್ಣಮ್ಮ ಮದುವೆಯ ಹೊಸತರಲ್ಲಿ ನೋಡಿದ್ದರೋ ಇಲ್ಲವೋ, ನೆನಪಾಗಲಿಲ್ಲ.

ಈಗ ಮೇಷ್ಟ್ರು ಕನ್ನಡದಲ್ಲೇ ಮಾತಾಡುತ್ತಾರೆ. ಎಷ್ಟೋ ಪದಗಳು ಮರಳಲಿಲ್ಲ, ಮರಳುವುದೂ ಇಲ್ಲವೇನೋ. ಸಿಗದಿದ್ದಾಗ ಸಿಟ್ಟೂ ಬರುತ್ತದೆ. ಆದರೂ ಸಂಜೆ ಒಂದಿಷ್ಟು ಹೊತ್ತು ಇಬ್ಬರೂ ಇಂಗ್ಲಿಷ್ ಆಡಿಕೊಂಡು ಕೂರುತ್ತಾರೆ. ಕೊಟ್ರೇಶ್ ಬಂದಾಗ ಅನ್ನಪೂರ್ಣಮ್ಮ ಅವರ ಮಾತಿನಿಂದ ಹೊಸದೊಂದು ಪದ ಹೆಕ್ಕಿಕೊಳ್ಳುತ್ತಾರೆ.

ಮೊನ್ನೆ ಗುಡ್ಡದ ಕಡೆಯಿಂದ ಮೋಡ ಕವಿಯಿತು. ಅನ್ನಪೂರ್ಣಮ್ಮ ಜಗಲಿಯಲ್ಲಿ ನಿಂತು ಆಕಾಶ ನೋಡಿ, "ವಿ ವಿಲ್ ಪ್ರಾಬಬ್ಲಿ ಹ್ಯಾವ್ ರೈನ್" ಎಂದರು.

ಮೇಷ್ಟ್ರು ಹುಬ್ಬು ಗಂಟಿಕ್ಕಿ ಆ ವಾಕ್ಯವನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದರು. "ಪ್ರಾಬಬ್ಲಿ... ಯಾರು ಕಲಿಸಿದ್ದು?"

"ಯಾರೋ. ಸರಿ ಐತಾ?"

"ಸರಿ ಐತೆ" ಎಂದರು ಅವರು.

ಅನ್ನಪೂರ್ಣಮ್ಮ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಅಂಗಳಕ್ಕೆ ಇಳಿದರು.